ಎಷ್ಟರದ್ದು ಕೊಡ್ಲಿ?

ಸೋಮವಾರದಿಂದ ಇದೊಂದೇ ಮಾತು ತಲೇಲಿ ಕೂತ್ಬಿಟ್ಟಿದೆ. ಚಿಕ್ಕಮಗಳೂರಲ್ಲಿ ಸ್ಪೇರ್ಸ್ ಅಂಗಡಿ ಮುಂದೆ ನಿಂತು "ಬೊಲೆರೊ ಪಿಕಪ್‌ಗೆ ಮುಂದಿನ ಬ್ರೇಕ್ ಪ್ಯಾಡು, ಡಿಸ್ಕು ಬೇಕಿತ್ತು" ಅಂದೆ. ಅಂಗಡಿಯವ್ರು ಮೊಬೈಲಿಂದ ತಲೆ ಎತ್ತದೇನೇ ಕೇಳಿದ್ರು, "ಎಷ್ಟರದ್ದು ಕೊಡ್ಲಿ?"

ಯಾವ ವರ್ಷದ ಗಾಡಿ ಅಂತಲ್ಲ, ಯಾವ ಕಂಪನಿದು ಬೇಕು ಅಂತಲ್ಲ. ಎಷ್ಟರದ್ದು. ನಾನೂ ಅಷ್ಟೇ ಸಲೀಸಾಗಿ "ಮೀಡಿಯಂ ರೇಟಲ್ಲಿ ಕೊಡಿ" ಅಂದೆ. ಪಕ್ಕದಲ್ಲಿದ್ದ ನಮ್ಮ ಡ್ರೈವರ್ ಹುಡುಗ, ಮೂರು ವರ್ಷದಲ್ಲಿ ಒಂದಿನ ನನಗೆ ಎದುರು ಮಾತಾಡ್ದೋನಲ್ಲ, ಮೆಲ್ಲಗೆ "ಅಣ್ಣ, ಘಾಟಿ ಇಳಿಯೋದು ನಾನು" ಅಂದ.

ಅಷ್ಟೇ. ಆಮೇಲೆ ಅವನು ಗೋಡೆ ಮೇಲಿದ್ದ ಕ್ಯಾಲೆಂಡರ್ ನೋಡ್ತಾ ನಿಂತ.

ಮೂರು ವಾರದಿಂದ ಹೇಳ್ತಾನೇ ಇದ್ದ ಪಾಪ. ಮೊದ್ಲು ಬ್ರೇಕ್ ಹಿಡಿದ್ರೆ ಕೀಚ್ ಅಂತಿದೆ ಅಂದ, ಆಮೇಲೆ ಪೆಡಲ್ ನಡುಗ್ತಿದೆ ಅಂದ, ನಾನು ಎರಡಕ್ಕೂ "ಮುಂದಿನ ವಾರ ನೋಡಣ" ಅಂದೆ, ಅವನು "ಸರಿ ಅಣ್ಣ" ಅಂದ. ಹಸಿಮೆಣಸಿನಕಾಯಿ ಸೀಸನ್ನು, ಗಾಡಿ ಒಂದಿನ ನಿಂತ್ರೆ ಲಾಸು ಅನ್ನೋದು ನನ್ನ ಲೆಕ್ಕ. ವಾರಕ್ಕೆ ನಾಲ್ಕು ಟ್ರಿಪ್ಪು ಮಂಗಳೂರಿಗೆ, ಕೊಟ್ಟಿಗೆಹಾರ ದಾಟಿದ್ಮೇಲೆ ಚಾರ್ಮಾಡಿ ಘಾಟಿ, ರಾತ್ರಿ ಹೊತ್ತು, ಮಂಜು ಬಂದ್ರೆ ಬಾನೆಟ್ ಮುಂದೆ ಏನೂ ಕಾಣಲ್ಲ. ಲೋಡಂತೂ ಆರ್‌ಸಿಲಿ ಬರೆದಿರೋದಕ್ಕಿಂತ ನಾಲ್ಕೈದು ಚೀಲ ಜಾಸ್ತೀನೇ ಇರುತ್ತೆ, ಸುಳ್ಳು ಯಾಕೆ ಹೇಳ್ಲಿ.

ಅಂಗಡಿಯಿಂದ ಖಾಲಿ ಕೈಲಿ ವಾಪಸ್ ಬಂದು ಗಾಡಿನ ಗ್ಯಾರೇಜಿಗೆ ಬಿಟ್ವಿ. ನಮ್ಮ ಮೆಕ್ಯಾನಿಕ್ ಸಾಬ್ರು ಬೈದೇ ಮಾತು ಶುರು ಮಾಡೋರು, ಆದ್ರೆ ಕೆಲ್ಸದಲ್ಲಿ ಅವರಷ್ಟು ನಿಯತ್ತಿನ ಮನುಷ್ಯನ್ನ ನಾನು ನೋಡಿಲ್ಲ. ಚಕ್ರ ಬಿಚ್ಚಿದ್ರೆ ಎಡಗಡೆ ಒಳಗಿನ ಪ್ಯಾಡು ಸವೆದು ಕಬ್ಬಿಣದ ತಗಡಿಗೇ ಬಂದಿತ್ತು, ಹೊರಗಿನದ್ರಲ್ಲಿ ಇನ್ನೂ ಅರ್ಧ ಇತ್ತು. ಪ್ಯಾಡ್‌ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್ ಇರುತ್ತಲ್ಲ, ಅದರ ಪಿನ್ನು ಗ್ರೀಸ್ ಇಲ್ದೆ ಜಾಮ್ ಆಗಿ ಒಂದೇ ಕಡೆ ತಿಂದಿದೆ, ಹಿಂಗೇ ಹೊಸ ಪ್ಯಾಡ್ ಹಾಕಿದ್ರೆ ಅದನ್ನೂ ತಿನ್ನುತ್ತೆ ಅಂದ್ರು. ಡಿಸ್ಕ್ ಅಂಚಲ್ಲಿ ಉಗುರಿಗೆ ಸಿಗೋ ಹಾಗೆ ಏಣು ಎದ್ದಿತ್ತು. "ಲೇತ್ ಹೊಡೆಸಿ ಮೇಲ್ಮೈ ಸವರಿ ಸಮ ಮಾಡಿದ್ರೆ ಆಗಲ್ವಾ?" ಅಂದೆ, ಇನ್ನೂ ಆಸೆ ನೋಡಿ ನಂಗೆ. ದಪ್ಪ ಅಳೆಯೋ ವರ್ನಿಯರ್ ಇಟ್ಟು ನೋಡಿ, ಡಿಸ್ಕ್ ಮೇಲೇ ಅಚ್ಚಾಗಿದ್ದ ಮಿನಿಮಮ್ ದಪ್ಪದ ನಂಬರ್ ತೋರ್ಸಿದ್ರು. ಅರ್ಧ ಎಂಎಂ ಉಳಿದಿತ್ತು ಅಷ್ಟೇ. ಲೇತ್ ಹೊಡೆದ್ರೆ ಅದರ ಕೆಳಗೆ ಹೋಗುತ್ತೆ, ತೆಳ್ಳಗಿನ ಡಿಸ್ಕ್ ಬೇಗ ಕಾಯುತ್ತೆ, ಬಿರುಕೂ ಬಿಡಬಹುದು ಅಂದ್ರು. ಹಾಕಿದ್ರೆ ಎರಡೂ ಕಡೆ ಜೋಡಿ ಹೊಸದು.

ಪ್ಯಾಡ್ ವಿಷ್ಯಕ್ಕೆ ನಾನು ಯೂಟ್ಯೂಬ್ ನೋಡಿಕೊಂಡು ಸೆರಾಮಿಕ್ ಪ್ಯಾಡು ಅಂತ ಶುರು ಮಾಡ್ದೆ. ಕಾರಿಗೆ ಸರಿ, ಸದ್ದಿಲ್ಲ, ಧೂಳು ಕಮ್ಮಿ, ಆದ್ರೆ ಲೋಡ್ ಹಾಕ್ಕೊಂಡು ಘಾಟಿ ಇಳಿಯೋ ಗಾಡಿಗೆ ಲೋಹದ ಪುಡಿ ಬೆರೆಸಿರೋ ಸೆಮಿ ಮೆಟಾಲಿಕ್ಕೇ ಹಾಕಿ, ಸ್ವಲ್ಪ ಸದ್ದು ಮಾಡಿದ್ರೂ ಕಾವು ತಡಿಯುತ್ತೆ ಅಂದ್ರು. ಬ್ರೇಕ್ ಆಯಿಲ್ಲಂತೂ ಟೀ ಡಿಕಾಕ್ಷನ್ ಥರ ಕಪ್ಪಗಿತ್ತು. ಅದು ಗಾಳೀಲಿರೋ ತೇವ ಎಳ್ಕೊಳ್ಳುತ್ತಂತೆ, ನಾವು ಹಾಕೋ ಡಾಟ್ 4 ಗ್ರೇಡ್ ಆಯಿಲ್ ಹೊಸದಾದ್ರೆ ಕುದಿಯಕ್ಕೆ 230 ಡಿಗ್ರಿ ಬೇಕಾದ್ರೆ ನೀರು ಕುಡಿದಿರೋದು 155ಕ್ಕೇ ಕುದಿಬಹುದು, ಕುದ್ರೆ ಲೈನಲ್ಲಿ ಆವಿ ತುಂಬ್ಕೊಂಡು ಪೆಡಲ್ ಹತ್ತಿ ಮೂಟೆ ತುಳಿದ ಹಾಗೆ ಒಳಗೆ ಹೋಗುತ್ತೆ. ಹುಡುಗ ಅದಕ್ಕೆ "ಹೋದ್ವಾರ ಒಂದ್ಸಲ ಹಂಗೇ ಆಯ್ತು, ಸೆಕೆಂಡ್ ಗೇರಿಗೆ ಹಾಕಿ ನಿಲ್ಲಿಸ್ದೆ" ಅಂದ. ಅದನ್ನ ನನಗೆ ಹೇಳೇ ಇರ್ಲಿಲ್ಲ. ಹೇಳಿದ್ರೂ ನಾನು ಏನು ಅಂತಿದ್ದೆ ಅಂತ ಅವನಿಗೆ ಗೊತ್ತಿತ್ತಲ್ಲ.

ಅಂಗಡಿಯವ್ರ ಮೇಲೆ ಮೊದ್ಲು ಸಿಟ್ಟು ಬಂದಿತ್ತು. ಯೋಚ್ನೆ ಮಾಡಿದ್ರೆ ದಿನಕ್ಕೆ ಐವತ್ತು ಜನ ನನ್ನಂಥೋರೇ ಬಂದು ರೇಟ್ ಕೇಳೋದು, ಅವ್ರೂ ಕಲ್ತಿದ್ದಾರೆ. ಮನೆ ಕಾರು ಸರ್ವೀಸಿಗೆ ಬಿಟ್ಟಾಗ ಅವ್ರು ಹೇಳಿದ ಬಿಲ್ಲಿಗೆ ಸೈನ್ ಹಾಕಿ ಬರ್ತೀನಿ, ಅದ್ರಲ್ಲಿ ಕೂರೋದು ಹೆಂಡ್ತಿ ಮಕ್ಕಳು. ಇದೇ ಪಿಕಪ್‌ಗೂ ಟಾರ್ಪಾಲ್ ತಗೊಳ್ಳುವಾಗ ಇರೋದ್ರಲ್ಲೇ ಬೆಸ್ಟ್ ತಗೊಂಡೆ, ಮೆಣಸಿನಕಾಯಿ ನೆನೆದ್ರೆ ರೇಟ್ ಬೀಳುತ್ತೆ ಅಂತ. ಅವತ್ತು ಮೀಡಿಯಂ ಅನ್ನೋ ಪದ ಬಾಯಿಗೇ ಬರ್ಲಿಲ್ಲ. ಇದು ನೆನಪಾದಾಗಿಂದ ಟಾರ್ಪಾಲ್ ನೋಡಿದ್ರೇ ಒಂಥರ ಆಗ್ತಿದೆ.

ಎಲ್ಲಾ ಕಂಪನಿದೇ ಹಾಕ್ಸಿದ್ವಿ. ಹೊಸ ಡಿಸ್ಕ್ ಮೇಲಿನ ಎಣ್ಣೆ ಒರೆಸಿ ಕೂರ್ಸಿ, ಖಾಲಿ ರೋಡಲ್ಲಿ ಸ್ಪೀಡು 60ರಿಂದ 20ಕ್ಕೆ ಹತ್ತು ಸಲ ಬ್ರೇಕ್ ಹಿಡಿದು ಇಳಿಸಿ ಪ್ಯಾಡು, ಡಿಸ್ಕು ಸೆಟ್ ಮಾಡಿ, ಆಮೇಲೇ ಲೋಡ್.

ನಿನ್ನೆ ರಾತ್ರಿ ಹುಡುಗ ಘಾಟಿ ಕೆಳಗಿನ ಉಜಿರೆ ಹತ್ರದಿಂದ ಫೋನ್ ಮಾಡ್ದ. "ಇಳಿದೆ ಅಣ್ಣ, ನಡುಕ ಇಲ್ಲ. ಹಿಂದಿನ ಡ್ರಮ್ಮೂ ಒಂದ್ಸಲ ಬಿಚ್ಚಿಸಿ ನೋಡಣ." ಬಾಯಿಂದ ಬಂದಿದ್ದು "ಮುಂದಿನ ವಾರ ನೋಡಣ". ಅವನು "ಸರಿ ಅಣ್ಣ" ಅಂದ, ಅದೇ ಹಳೇ ಸರಿ ಅಣ್ಣ. ಐದು ನಿಮಿಷ ಸುಮ್ನೆ ಕೂತು, ವಾಪಸ್ ಫೋನ್ ಮಾಡಿ, ನಾಳೆ ಬಂದೋನು ಸೀದಾ ಗ್ಯಾರೇಜಿಗೇ ಬಿಡು ಅಂದೆ.