ವಾಲ್‌ಪೇಪರ್ ಬದಲಿಸೋಕೂ ಯಾಕೆ ಬಿಡಲ್ಲ?

ನಾನು ಸಿಸ್ಟಮ್ ಅಡ್ಮಿನ್ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ: "ಒಂದು ವಾಲ್‌ಪೇಪರ್ ಬದಲಿಸೋಕೂ ಬಿಡಲ್ವಲ್ಲ, ಯಾಕ್ರೀ?" ಕಂಪನಿ ಲೋಗೋ ಎಲ್ಲರ ಸ್ಕ್ರೀನ್ ಮೇಲೂ ಇರಬೇಕು ಅಂತ ಮ್ಯಾನೇಜ್‌ಮೆಂಟ್ ಹೇಳಿತು, ಗ್ರೂಪ್ ಪಾಲಿಸಿಯಲ್ಲಿ (ಆಫೀಸಿನ ಎಲ್ಲಾ ಕಂಪ್ಯೂಟರಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಹಾಕುವ ವ್ಯವಸ್ಥೆ) ಹಾಕಿದೆ. ಅಷ್ಟೇ. ಬೇಡವಾದರೆ ಅವರನ್ನೇ ಕೇಳಿ.

ಇದಕ್ಕೆ ನನಗೆ ಬೇಜಾರಿಲ್ಲ. ಬೇಜಾರಾಗುವುದು ಇದರ ಬೆನ್ನಿಗೇ ಬರುವ ಮಾತಿಗೆ. ಒಂದು ಮದುವೆಯಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತವರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಇಡೀ ಪಂಕ್ತಿಗೆ ಕೇಳುವ ಹಾಗೆ ಅಂದರು: "ಇವರು ಕೂತಲ್ಲಿಂದಲೇ ನಮ್ಮ ಸ್ಕ್ರೀನೆಲ್ಲಾ ನೋಡ್ತಾ ಇರ್ತಾರೆ."

ಇಲ್ಲ ಸ್ವಾಮಿ. ವಿಂಡೋಸ್ 2000ದಲ್ಲಿ ಆಕ್ಟಿವ್ ಡೈರೆಕ್ಟರಿ (ಆಫೀಸಿನ ಲಾಗಿನ್, ಕಂಪ್ಯೂಟರುಗಳ ಪಟ್ಟಿ ಇಡುವ ವ್ಯವಸ್ಥೆ) ಜೊತೆಗೆ ಬಂದ ಗ್ರೂಪ್ ಪಾಲಿಸಿ ಯಾರ ಸ್ಕ್ರೀನನ್ನೂ ಇಣುಕಿ ನೋಡುವುದಿಲ್ಲ. ನಿಮ್ಮ ಮೆಷೀನೇ ಡೊಮೇನ್ ಕಂಟ್ರೋಲರ್ (ಆ ಪಟ್ಟಿ ಇರುವ ಸರ್ವರ್) ಹತ್ತಿರ ಹೋಗಿ ತನಗೆ ಯಾವ ಸೆಟ್ಟಿಂಗ್ ಇದೆ ಅಂತ ಕೇಳಿಕೊಂಡು ಬರುತ್ತದೆ. ಆನ್ ಆದಾಗ ಕಂಪ್ಯೂಟರಿನದು, ಲಾಗಿನ್ ಆದಾಗ ನಿಮ್ಮದು. ಆಮೇಲೆ 90 ನಿಮಿಷಕ್ಕೊಮ್ಮೆ. ಎಲ್ಲಾ ಮೆಷೀನೂ ಒಟ್ಟಿಗೆ ಸರ್ವರ್ ಮೇಲೆ ಮುಗಿಬೀಳದಿರಲಿ ಅಂತ ಅದರ ಮೇಲೆ 30 ನಿಮಿಷದವರೆಗೆ ಒಂದೊಂದಕ್ಕೆ ಒಂದೊಂದು ಥರ ತಡ. ನಂಬಿಕೆ ಬರದಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಜಿಪಿರಿಸಲ್ಟ್ ಸ್ಲ್ಯಾಶ್ ಆರ್' (gpresult /r) ಕೊಟ್ಟು ನೋಡಿ. ನಿಮ್ಮ ಲಾಗಿನ್‌ಗೆ ಯಾವ ಪಾಲಿಸಿ ಹತ್ತಿದೆ, ಯಾವುದು ಹತ್ತಿಲ್ಲ, ಯಾಕೆ ಹತ್ತಿಲ್ಲ, ಎಲ್ಲಾ ಹೆಸರು ಸಮೇತ ಬರುತ್ತದೆ.

ಅಷ್ಟು ಅನುಮಾನ ಇದ್ದವರು ಕೇಳಬೇಕಾದ ಪ್ರಶ್ನೆಯೇ ಬೇರೆ: "ಎಲ್ಲಾ ಮೆಷೀನಿಗೂ ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಒಂದೇನಾ? ಅದನ್ನ ಎಲ್ಲಿಟ್ಟಿದ್ದೀರಿ?" ಲೋಕಲ್ ಅಡ್ಮಿನ್ ಅಂದರೆ ಆಯಾ ಮೆಷೀನಿನಲ್ಲಿ ಏನು ಬೇಕಾದರೂ ಮಾಡಬಲ್ಲ ಖಾತೆ. ಯಾರಾದರೂ ಈ ಪ್ರಶ್ನೆ ಕೇಳಿದ್ದರೆ ಊಟ ಬಿಟ್ಟು ಉತ್ತರ ಹೇಳುತ್ತಿದ್ದೆ.

ಮೊದಲೆಲ್ಲ ಆ ಪಾಸ್‌ವರ್ಡನ್ನು ಗ್ರೂಪ್ ಪಾಲಿಸಿಯದೇ ಒಂದು ಭಾಗವಾದ ಪ್ರಿಫರೆನ್ಸಸ್‌ನಿಂದಲೇ ಎಲ್ಲಾ ಕಡೆ ಹಾಕಬಹುದಿತ್ತು. ಅದು ಹೋಗಿ ಕೂರುತ್ತಿದ್ದದ್ದು ಡೊಮೇನ್ ಕಂಟ್ರೋಲರಿನಲ್ಲಿ ಪಾಲಿಸಿ ಫೈಲುಗಳಿರುವ ಸಿಸ್‌ವಾಲ್ (SYSVOL) ಫೋಲ್ಡರಿನ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ, 'ಸಿಪಾಸ್‌ವರ್ಡ್' (cpassword) ಅನ್ನುವ ಹೆಸರಿನಡಿ. ಎನ್‌ಕ್ರಿಪ್ಟ್ ಏನೋ ಆಗಿರುತ್ತಿತ್ತು, ಆದರೆ ಅದನ್ನು ಬಿಡಿಸುವ ಕೀಯನ್ನು ಮೈಕ್ರೋಸಾಫ್ಟೇ ತನ್ನ ದಾಖಲೆಯಲ್ಲಿ ಬಹಿರಂಗವಾಗಿ ಅಚ್ಚು ಹಾಕಿತ್ತು. ಸಿಸ್‌ವಾಲನ್ನೋ, ಡೊಮೇನಿನ, ಅಂದರೆ ಆಫೀಸ್ ನೆಟ್‌ವರ್ಕಿನ, ಲಾಗಿನ್ ಇರುವ ಯಾರು ಬೇಕಾದರೂ ತೆರೆದು ಓದಬಹುದು. ನಿನ್ನೆ ಸೇರಿದ ಟ್ರೈನಿ ಕೂಡ. 2014ರ ಮೇ ತಿಂಗಳಲ್ಲಿ ಎಂಎಸ್14-025 ಪ್ಯಾಚ್ ಬಂದು ಹೊಸದಾಗಿ ಹೀಗೆ ಪಾಸ್‌ವರ್ಡ್ ಹಾಕುವುದು ನಿಂತಿತು. ಹಳೆಯ ಫೈಲುಗಳನ್ನು ಮಾತ್ರ ಅದು ಮುಟ್ಟಲಿಲ್ಲ.

ಅಂಥ ಒಂದು ಫೈಲು, ಪ್ಯಾಚ್ ಬಂದು ವರ್ಷಗಳಾದ ಮೇಲೂ, ನಾನು ಹೊಸದಾಗಿ ಸೇರಿದ ಒಂದು ಆಫೀಸಿನಲ್ಲಿ ಹಾಗೇ ಕೂತಿತ್ತು. ಒಳಗಿದ್ದ ಪಾಸ್‌ವರ್ಡ್ ಇನ್ನೂ ಬಳಕೆಯಲ್ಲಿತ್ತು. ಆ ಫೈಲನ್ನು ಅಳಿಸಿ, ಪಾಸ್‌ವರ್ಡ್ ಬದಲಿಸಿ, ಲ್ಯಾಪ್ಸ್ (LAPS, ಲೋಕಲ್ ಅಡ್ಮಿನ್ ಪಾಸ್‌ವರ್ಡ್ ನೋಡಿಕೊಳ್ಳುವ ಮೈಕ್ರೋಸಾಫ್ಟಿನ ವ್ಯವಸ್ಥೆ) ಹಾಕಿಸಿದೆ. ಲ್ಯಾಪ್ಸ್ ಇದ್ದರೆ ಒಂದೊಂದು ಮೆಷೀನಿಗೂ ಬೇರೆ ಬೇರೆ ಪಾಸ್‌ವರ್ಡ್, ನಾವು ಬೇರೆ ಹೇಳದಿದ್ದರೆ 30 ದಿನಕ್ಕೊಮ್ಮೆ ತಾನಾಗಿಯೇ ಬದಲಾಗುತ್ತದೆ. 2023ರಿಂದ ಇದು ವಿಂಡೋಸಿನೊಳಗೇ ಬರುತ್ತಿದೆ, ಬೇರೆ ಇನ್‌ಸ್ಟಾಲ್ ಮಾಡುವ ಕೆಲಸವೂ ಇಲ್ಲ.

ನಿಮ್ಮ ಐಟಿಯವರು ಸಿಕ್ಕಾಗ ಇದನ್ನು ಕೇಳಿ: ಸಿಸ್‌ವಾಲ್‌ನಲ್ಲಿ 'ಸಿಪಾಸ್‌ವರ್ಡ್' ಅಂತ ಹುಡುಕಿ ನೋಡಿದ್ದೀರಾ? ಇಲ್ಲ ಅಂದರೆ ಇವತ್ತೇ ಹುಡುಕಿಸಿ.