ಜೇಬಿನಲ್ಲಿ ಎಂಟನೇ ನಂಬರು

ಆಫೀಸಿನಲ್ಲಿ ಯಾರಿಗಾದರೂ ಪಾರ್ಸೆಲ್ ಬಂದರೆ ಈಗ ಸೀದಾ ನನ್ನ ಮೇಜಿನ ಹತ್ತಿರ ಬರುತ್ತಾರೆ. ಮೊದಲೆಲ್ಲಾ ಬೈಕಿನ ಕೀಲಿಯಲ್ಲಿ ಟೇಪು ಕೆರೆಯುತ್ತಾ ಒದ್ದಾಡುತ್ತಿದ್ದವರು ಈಗ "ಆ ನಿಮ್ಮ ಚಾಕು ಕೊಡಿ ಸಾರ್" ಅನ್ನುತ್ತಾರೆ. ಶುರುವಿನಲ್ಲಿ ಮಾತ್ರ, ಇವನೇನು ಚಾಕು ಇಟ್ಕೊಂಡು ಓಡಾಡ್ತಾನೆ ಅಂತ ಒಂಥರಾ ನೋಡುತ್ತಿದ್ದರು.

ನನ್ನ ಹತ್ತಿರ ಮರದ ಹಿಡಿಯ ಮಡಚುವ ಚಾಕುಗಳು ಏಳಿವೆ. ಐದು ಒಪಿನೆಲ್ ಕಂಪನಿಯವು, ಎರಡು ಸಂತೆಯಲ್ಲಿ ಕೊಂಡ ಹೆಸರಿಲ್ಲದವು. ಇದನ್ನು ಸಂಗ್ರಹ ಅಂತ ಕರೆಯೋಕೆ ನನಗೇ ನಾಚಿಕೆ. ಗಾಜಿನ ಪೆಟ್ಟಿಗೆಯಲ್ಲಿ ನೂರಾರು ಚಾಕು ಜೋಡಿಸಿ ಒಂದರಲ್ಲೂ ಸೇಬು ಕೂಡ ಹೆಚ್ಚದವರಿದ್ದಾರೆ, ಅವರ ಖುಷಿ ಅವರಿಗೆ. ನನಗೆ ಅದು ಆಗದ ಕೆಲಸ.

ಒಪಿನೆಲ್ ಹುಟ್ಟಿದ್ದು ಫ್ರಾನ್ಸಿನ ಸವೊಯ್‌ನಲ್ಲಿ, ಆಲ್ಪ್ಸ್ ಬೆಟ್ಟದ ಹಳ್ಳಿಯೊಂದರಲ್ಲಿ. ಕೊಡಲಿ, ಕತ್ತಿ ಮಾಡುವ ಕುಲುಮೆಯ ಮನೆಯ ಹುಡುಗ ಜೋಸೆಫ್ ಒಪಿನೆಲ್ 1890ರಲ್ಲಿ ಇದನ್ನು ಮಾಡಿದ. 1897ರಲ್ಲಿ 1ರಿಂದ 12ರವರೆಗೆ ಹನ್ನೆರಡು ಅಳತೆ ಬಂದವು, ಆಮೇಲೆ 1930ರ ದಶಕದಲ್ಲಿ 1 ಮತ್ತು 11 ನಿಂತವು. ಅದಕ್ಕೇ ಅಂಗಡಿಯಲ್ಲಿ 10 ಆದ ಮೇಲೆ ನೇರ 12. ನನಗಿದು ಗೊತ್ತಿಲ್ಲದೆ ಆನ್‌ಲೈನಿನಲ್ಲಿ ಒಂದು ವಾರ 11 ಹುಡುಕಿದ್ದೆ! ಅಲಗಿನ ಮೇಲೆ ಕೈ ಮತ್ತು ಕಿರೀಟದ ಗುರುತಿದೆ, ಅದು 1909ರದ್ದು.

ನಾನು ದಿನಾ ಇಟ್ಟುಕೊಳ್ಳುವುದು 8ನೇ ನಂಬರು. ಅಲಗು ಎಂಟೂವರೆ ಸೆಂಟಿಮೀಟರು, ಹಿಡಿ ಬೀಚ್ ಮರದ್ದು. ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ ಮಾರಾಯರೇ: ಹಿಡಿ, ಅಲಗು, ಒಂದು ರಿವೆಟ್, ಹಿಡಿಯ ಕುತ್ತಿಗೆಗೊಂದು ಲೋಹದ ಪಟ್ಟಿ, ಅದರ ಮೇಲೆ ತಿರುಗುವ ಬಳೆ. ಅಷ್ಟೇ. ಆ ಬಳೆಯೂ ಬಂದಿದ್ದು 1955ರಲ್ಲಿ. ಅದನ್ನು ತಿರುಗಿಸಿದರೆ ತೆರೆದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳುವುದಿಲ್ಲ. ತಿರುಗಿಸಲು ಮರೆತರೆ ಏನಾಗುತ್ತೆ ಅಂತ ನನ್ನ ತೋರುಬೆರಳಿನ ಮೇಲೆ ಬರೆದಿದೆ.

ಸ್ಟೇನ್‌ಲೆಸ್ ಅಲಗಿನದ್ದೂ ಸಿಗುತ್ತದೆ. ನಾನು ಬೇಕಂತಲೇ ಕಾರ್ಬನ್ ಸ್ಟೀಲಿನದ್ದು ತಗೊಂಡೆ, ಚೆನ್ನಾಗಿ ಮಸೆಯಲು ಬರುತ್ತದೆ ಅಂತ. ತಗೊಂಡು ಶಿರಸಿಯ ಮನೆಗೆ ಹೋದಾಗ ಅಮ್ಮನಿಗೆ ತೋರಿಸಿದೆ. ಅಮ್ಮ ನೆಲದ ಮೇಲೆ ಕೂತು ಹೆಚ್ಚುವ ಮೆಟ್ಟುಗತ್ತಿ ಬಿಟ್ಟು ಬೇರೇನನ್ನೂ ಕತ್ತಿ ಅಂತ ಒಪ್ಪುವವಳಲ್ಲ. ತಿರುಗಿಸಿ ನೋಡಿ, "ಇದೆಂತದಾ, ಮಕ್ಕಳ ಆಟದ ಸಾಮಾನಾ?" ಅಂದಳು. ಬಿಡಿ ಅಂತ ನಾನೇ ಜಗಲಿಯಲ್ಲಿ ಕೂತು ಒಂದು ಮಾವಿನಕಾಯಿ ಹೆಚ್ಚಿದೆ, ಉಪ್ಪು ಖಾರ ಹಾಕಿ ತಿಂದೆ, ಚಾಕು ಹಾಗೇ ಪಕ್ಕದಲ್ಲಿಟ್ಟು ಫೋನು ನೋಡುತ್ತಾ ಕೂತೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಹೊಳೆಯುತ್ತಿದ್ದ ಅಲಗಿನ ಮೇಲೆ ಬೂದು, ನೀಲಿ, ಕಪ್ಪು ಕಲೆ! ಎದೆ ಧಸಕ್ಕೆಂದಿತು. ಸಾಬೂನು ಹಾಕಿ ತಿಕ್ಕಿದೆ, ಹೋಗಲಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಲು ಕೂತೆ.

ಅಮ್ಮ ಅಲ್ಲಿಂದಲೇ, "ತಮಾ, ಕಬ್ಬಿಣ ಮಾವಿನಕಾಯಿಗೆ ಕಪ್ಪಾಗದೆ ಇನ್ನೇನು? ಒರೆಸಿ ಎಣ್ಣೆ ಹಚ್ಚು" ಅಂದಳು.

ನಿಜ ಅಲ್ವಾ. ಅವಳ ಮೆಟ್ಟುಗತ್ತಿ ನಾನು ಹುಟ್ಟುವ ಮೊದಲಿಂದ ಕಪ್ಪಗೇ ಇದೆ. ಮಾವಿನಕಾಯಿ, ಬಾಳೆದಿಂಡು, ಹುಳಿ ಇರುವುದೆಲ್ಲಾ ಅದರ ಮೇಲೆ ಕಪ್ಪು ಬಿಡುತ್ತದೆ, ತುಕ್ಕು ಹಿಡಿಯದಿದ್ದರೆ ಆಯಿತು. ಹಲಸಿನ ಮೇಣಕ್ಕೆ ಮೊದಲೇ ಕೊಬ್ಬರಿ ಎಣ್ಣೆ ಸವರುತ್ತಾಳೆ. ಫ್ರಾನ್ಸಿನ ಕಾರ್ಬನ್ ಚಾಕು ನೋಡಿಕೊಳ್ಳುವ ವಿದ್ಯೆ ಅಡುಗೆಮನೆಯ ನೆಲದ ಮೇಲೇ ಇತ್ತು, ನಾನು ವಿಡಿಯೋ ಹುಡುಕುತ್ತಿದ್ದೆ. ಆವತ್ತಿಂದ ನಾನು ಕಲೆ ಉಜ್ಜುವುದು ಬಿಟ್ಟೆ.

ಅಲಗಿಗೆ ಮಾವಿನಕಾಯಿಯಾದರೆ ಹಿಡಿಗೆ ಮಳೆಗಾಲ. ಮರ ಥಂಡಿ ಕುಡಿದು ಉಬ್ಬಿತೆಂದರೆ ಅಲಗನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆಷಾಢದಲ್ಲಿ ಊರಿಗೆ ಹೋಗಿದ್ದಾಗ ಎರಡು ದಿನ ಅದು ತೆರೆಯಲೇ ಇಲ್ಲ, ಉಗುರು ಮುರಿಯಿತು ಅಷ್ಟೇ. ಇದಕ್ಕೆ ಸವೊಯ್ ಜನರದ್ದೇ ಒಂದು ಉಪಾಯ ಇದೆ. ಬಳೆ ಸಡಿಲಿಸಿ, ಹಿಡಿಯ ಹಿಂಬದಿಯ ತುದಿಯನ್ನು ಮೇಜಿಗೆ ಟಕ್ ಅಂತ ಕುಟ್ಟಬೇಕು. ಅಲಗಿನ ಮೂತಿ ಒಂಚೂರು ಹೊರಗೆ ಬರುತ್ತದೆ, ಅದನ್ನು ಹಿಡಿದು ಎಳೆದರಾಯಿತು. ಅಲ್ಲಿನವರಿಗೂ ಇದೇ ಗೋಳು ಇತ್ತು ಅಂತ ತಿಳಿದು ಸಮಾಧಾನ ಆಯಿತು. ಪ್ಲಾಸ್ಟಿಕ್ ಹಿಡಿ ಆಗಿದ್ದರೆ ಈ ರಗಳೆಯೇ ಇಲ್ಲ, ಗೊತ್ತು. ಆದರೆ ನನ್ನ ಚಾಕುವಿನ ಬೀಚ್ ಮರ ಎಣ್ಣೆ, ಬೆವರು ಹೀರಿ ಈಗ ಬೆಲ್ಲದ ಬಣ್ಣಕ್ಕೆ ಬಂದಿದೆ. ಪ್ಲಾಸ್ಟಿಕ್ ಅದೆಲ್ಲಿ ಹಾಗಾಗುತ್ತೆ.

ಇಟ್ಟುಕೊಂಡು ಓಡಾಡುವ ಬಗ್ಗೆ ತುಂಬಾ ಜನ ಕೇಳುತ್ತಾರೆ. ನಮ್ಮ ಆಯುಧ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು, ನನ್ನದು ಮೂರೂವರೆ ಇಂಚೂ ಇಲ್ಲ. ಹಾಗಂತ ಬ್ಯಾಗು ತಪಾಸಣೆ ಮಾಡುವವರ ಎದುರು ನಿಂತು ಕಾಯ್ದೆ ಹೇಳುವ ಧೈರ್ಯ ನನಗಿಲ್ಲ, ಮೆಟ್ರೋದಲ್ಲಿ ಹೋಗುವ ದಿನ ಅದು ಮನೆಯಲ್ಲೇ. ವಿಮಾನಕ್ಕಂತೂ ಕೈಚೀಲದಲ್ಲಿ ಬೇಡವೇ ಬೇಡ. ಲ್ಯಾಪ್‌ಟಾಪ್ ಬ್ಯಾಗಿನ ಮೂಲೆಯಲ್ಲಿ ಮರೆತಿದ್ದ ಆಲಿವ್ ಮರದ ಹಿಡಿಯ 6ನೇ ನಂಬರನ್ನು ನಾನೇ ನನ್ನ ಕೈಯಾರೆ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ ಬಂದವನು. ತಪ್ಪು ನನ್ನದೇ. ಆದರೂ ಆ ಡಬ್ಬದ ಸದ್ದು ಇನ್ನೂ ಕಿವಿಯಲ್ಲಿದೆ.

ಅಂದಹಾಗೆ ಹೋದ ಸಲ ಊರಿಂದ ಹೊರಡುವಾಗ 8ನೇ ನಂಬರು ಎಲ್ಲೂ ಸಿಗಲಿಲ್ಲ. ಬ್ಯಾಗೆಲ್ಲಾ ಕೊಡವಿದೆ. ಕೊನೆಗೆ ನೋಡಿದರೆ ಹಿತ್ತಿಲಲ್ಲಿ ಅಮ್ಮ ಅದನ್ನು ಹಿಡಿದು ಮಲ್ಲಿಗೆ ಬಳ್ಳಿಯ ಒಣ ಕಡ್ಡಿ ಸವರುತ್ತಿದ್ದಳು. ಬಳೆಯನ್ನೂ ಸರಿಯಾಗಿ ತಿರುಗಿಸಿದ್ದಳು.