ಹುಲ್ಲಿನಲ್ಲಿ ಎದ್ದ ಸುತ್ತು

ಜೂನ್ 18, 2024, ಮಂಗಳವಾರ
ಮೈಸೂರು

ದೊಡ್ಡತ್ತೆ ಇವತ್ತು ಪಾರ್ಕಿನಲ್ಲಿ ಸೆರಗು ಒಡ್ಡಿಕೊಂಡು ಕೂತೇಬಿಟ್ಟರು. ರಾತ್ರಿ ಮಳೆ ಜೋರಾಗಿ ಬಂದಿತ್ತು. ಕಾರಂಜಿ ಪಕ್ಕದ ಲಾನಿನಲ್ಲಿ ಬಿಳಿ ಅಣಬೆ ಎದ್ದಿದ್ದವು. ಅಲ್ಲೊಂದು ಇಲ್ಲೊಂದು ಅಲ್ಲ, ಸರಿಯಾಗಿ ದುಂಡಗೆ, ಮಧ್ಯ ಖಾಲಿ.

"ಎಂತ ಮಾರಾಯ್ತಿ, ಇಷ್ಟು ಅಣಬೆ ಇಲ್ಲೇ ಇಟ್ಕೊಂಡು ನೀನು ಅಂಗಡಿಯಿಂದ ಡಬ್ಬಿ ಅಣಬೆ ತರ್ತೀಯಲ್ಲ!"

ಮಾಲಿ ಪೊರಕೆ ಬಿಸಾಕಿ ಓಡಿ ಬಂದರು. "ಅಮ್ಮಾ, ಕೀಳ್ಬೇಡಿ. ಅದು ತಿನ್ನೋದಲ್ಲ."

ದೊಡ್ಡತ್ತೆಗೆ ಸಿಟ್ಟು ಬಂತು. ಕೊಪ್ಪದವರಿಗೆ ಮೈಸೂರಿನವರು ಅಣಬೆ ಪಾಠ ಹೇಳೋದಾ? ಮಾತಾಡದೆ ಒಂದನ್ನು ಬುಡ ಹಿಡಿದು ಎಳೆದರು. ಹುತ್ತದ ಅಣಬೆಯಾದರೆ ಬುಡದಿಂದ ಉದ್ದನೆ ಬೇರು ಗೆದ್ದಲಿನ ಗೂಡಿನ ತನಕ ಇಳಿದಿರುತ್ತದೆ. ಇದು ಬುಡದಲ್ಲಿ ಸ್ವಲ್ಪ ಊದಿಕೊಂಡು ಅಲ್ಲಿಗೇ ಮುಗಿದಿತ್ತು. "ಬೇರೇ ಇಲ್ವಲ್ಲ" ಅಂದರು. ಸೆರಗು ಕೊಡವಿದರು. ಸಿಟ್ಟು ಮಾತ್ರ ಇಳಿಯಲಿಲ್ಲ.

ಅರಳಿದ್ದ ಒಂದನ್ನು ನಾನು ತಿರುಗಿಸಿ ನೋಡಿದೆ. ಕಾಂಡಕ್ಕೆ ಒಂದು ಪೊರೆಯ ಉಂಗುರ, ಬಳೆಯ ಹಾಗೆ ಮೇಲೆ ಕೆಳಗೆ ಜಾರುತ್ತದೆ. ಕೊಡೆಯ ಅಡಿಯ ಪದರಗಳು ಮಾಸಲು ಹಸಿರು. ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್ ಅಂತ ಹೆಸರು. ಎಳೆಯದಿದ್ದಾಗ ಆ ಪದರಗಳೂ ಬಿಳಿಯೇ, ಜನ ಮೋಸ ಹೋಗುವುದು ಅಲ್ಲೇ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರು. ಬೇಯಿಸಿದರೆ ಸರಿ ಹೋಗುತ್ತೆ ಅಂತ ನಂಬುವ ಹಾಗಿಲ್ಲ.

"ಮಳೆಗೆ ಮುಂಚೆನೇ ಇಲ್ಲಿ ಹುಲ್ಲು ಕಪ್ಪಗಾಗಿತ್ತು ಮೇಡಂ. ನಾನೇನೂ ಗೊಬ್ಬರ ಹಾಕಿಲ್ಲ" ಅಂದರು ಮಾಲಿ. ನಿಜ, ಅಣಬೆ ಎದ್ದ ಸಾಲಿನಲ್ಲಿ ಹುಲ್ಲು ಕಡು ಹಸಿರಾಗಿ ಒಂದು ಬೆರಳು ಎತ್ತರವೇ ಇತ್ತು. ಆಮೇಲೆ ಅವರೇ ನೆನಪಿಸಿದರು, ಅಲ್ಲೊಂದು ಗುಲ್‌ಮೊಹರ್ ಇತ್ತಲ್ಲ, ಗಾಳಿಗೆ ಬಿತ್ತಲ್ಲ ಅಂತ. ಮೇಲಿನದನ್ನು ಕೊಯ್ದು ಸಾಗಿಸಿದರು, ಬೇರು ಹಾಗೇ ಮಣ್ಣಲ್ಲಿ ಉಳಿಯಿತು. ಅದರ ಮೇಲೆ ಮಣ್ಣು ಸುರಿದು ಹುಲ್ಲು ಹಾಕಿದರು.

ಅಲ್ಲಿಂದಲೇ ಶುರುವಾಗಿರಬೇಕು. ಹೂತುಹೋದ ಮರದ ಚೂರು ಇಂಥ ಅಣಬೆಗೆ ಒಳ್ಳೆ ಊಟ. ನೆಲದೊಳಗೆ ಅದರ ಬಿಳಿ ನೂಲು ಎಲ್ಲ ಕಡೆಗೂ ಒಂದೇ ಸಮ ಹಬ್ಬುತ್ತಾ ಹೋಗುತ್ತದೆ. ನಡುವೆ ತಿನ್ನಲು ಏನೂ ಉಳಿಯುವುದಿಲ್ಲ, ಆದ್ದರಿಂದ ಜೀವ ಇರುವುದು ಹೊರ ಅಂಚಿನಲ್ಲಿ ಮಾತ್ರ. ಅಲ್ಲಿ ಕೊಳೆಸಿದ್ದರಿಂದ ಬಿಡುಗಡೆಯಾದ ಸಾರಜನಕ ಹುಲ್ಲಿಗೆ ಸಿಗುತ್ತದೆ, ಹುಲ್ಲು ಕಪ್ಪಗಾಗುತ್ತದೆ. ವರ್ಷ ವರ್ಷ ಸುತ್ತು ದೊಡ್ಡದಾಗುತ್ತದೆ. ಫ್ರಾನ್ಸಿನ ಬೆಲ್ಫೋರ್ ಹತ್ತಿರ ಸುಮಾರು 600 ಮೀಟರ್ ಅಗಲದ ಸುತ್ತು ಇತ್ತಂತೆ, ಅದಕ್ಕೆ ನೂರಾರು ವರ್ಷ ವಯಸ್ಸು ಅಂತ ಅಂದಾಜು. ಇಂಗ್ಲೆಂಡಿನವರು ಇಂಥ ಸುತ್ತನ್ನು ಯಕ್ಷಿಣಿಯರು ಕುಣಿದ ಜಾಗ ಅಂದರು, ಫ್ರೆಂಚರು ಮಾಟಗಾತಿಯರದ್ದು ಅಂದರು. ಡಾರ್ವಿನ್ನನ ಅಜ್ಜ ಎರಾಸ್ಮಸ್ ಡಾರ್ವಿನ್ ಸಿಡಿಲು ಹೊಡೆದ ಗುರುತು ಅಂದುಕೊಂಡಿದ್ದ. 1807ರಲ್ಲಿ ವೊಲ್ಲಾಸ್ಟನ್ ಅನ್ನುವ ಇಂಗ್ಲಿಷ್ ವಿಜ್ಞಾನಿ, ಒಳಗಿನ ಮಣ್ಣಿನ ಸಾರ ಮುಗಿದು ಅಣಬೆ ಹೊರಕ್ಕೆ ಸರಿಯುತ್ತದೆ ಅಂತ ಬಿಡಿಸಿ ಹೇಳಿದ.

ಸಿಡಿಲು ಅಂದಾಗ ನಗು ಬಂತು. ಗುಡುಗಿದರೆ ಅಣಬೆ ಏಳುತ್ತೆ ಅಂತ ದೊಡ್ಡತ್ತೆಯೂ ಹೇಳುತ್ತಾರೆ.

ಬಡಾವಣೆಯ ಸಂಘದವರಿಗೆ ಈ ಕಥೆ ಬೇಕಿಲ್ಲ. ಸುಣ್ಣ ಹಾಕು ಅಂದಿದ್ದಾರಂತೆ. ಸುಣ್ಣ ಮೇಲೇ ಕೂತಿರುತ್ತದೆ. ನೂಲು ಇರುವುದು ಕೆಳಗೆ, ಪೂರ್ತಿ ತೆಗೆಯಬೇಕೆಂದರೆ ಒಂದಡಿ ಮಣ್ಣನ್ನಾದರೂ ಅಗೆದು ಹಾಕಬೇಕು. ಮಕ್ಕಳು ಆಡುವ ಜಾಗ, ಸದ್ಯಕ್ಕೆ ಎದ್ದದ್ದನ್ನು ಕಿತ್ತು ಬಿಸಾಕಿದರೆ ಸಾಕು. ಮಾಲಿಗೆ ಅಷ್ಟೇ ಹೇಳಿ ಬಂದೆ. ನನ್ನ ಮಾತು ಯಾರು ಕೇಳುತ್ತಾರೆ, ಬಿಡಿ.

ಸಂಜೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಾಗ ಸುಮ್ನೆ ಕೇಳಿದೆ. "ದೊಡ್ಡತ್ತೆ, ಊರಲ್ಲಿ ಬೇರಿಲ್ಲದ ಅಣಬೆನೂ ತಿಂತೀರಲ್ಲ, ಅವನ್ನ ಹೇಗೆ ಗುರುತು ಹಿಡೀತೀರಿ?"

"ನೋಡಿದ್ರೆ ಗೊತ್ತಾಗ್ತದೆ."

"ಏನು ನೋಡ್ತೀರಿ?"

"ಅದೆಂತ ಹೇಳೋದು? ಆ ಜಾಗ ಗೊತ್ತು, ಆ ಮರ ಗೊತ್ತು. ನಮ್ಮತ್ತೆ ತೋರಿಸಿದ್ದು."

ಆ ಗುಡ್ಡದಲ್ಲಿ ಅವರು ಎಡವುವುದಿಲ್ಲ, ಅದು ನನಗೂ ಗೊತ್ತು. ಆದರೆ ನೋಡುವುದು ಯಾವ ಕಣ್ಣಲ್ಲಿ? ಎಡಗಣ್ಣಿಗೆ ಪೊರೆ ಬಂದು ಎಷ್ಟು ಕಾಲವಾಯಿತು. ಹಸಿರು ಬಿಳಿ ವ್ಯತ್ಯಾಸ ಅವರಿಗೆ ಇವತ್ತು ಕಾಣಲೇ ಇಲ್ಲ, ನಾನು ತಿರುಗಿಸಿ ತೋರಿಸಿದಾಗಲೂ "ಎಲ್ಲಿ ಹಸಿರು?" ಅಂದರು. ಬೇರಿಲ್ಲ ಅಂತ ಕೈಗೆ ಗೊತ್ತಾಯಿತೇ ಹೊರತು ಕಣ್ಣಿಗಲ್ಲ. ಶನಿವಾರ ಊರಿಗೆ ಹೋಗುತ್ತಾರೆ. ಅಲ್ಲಿ ಒಬ್ಬರೇ, ಫೋನ್ ಸಿಗ್ನಲ್ ಬೇರೆ ಇಲ್ಲ.

ಕಣ್ಣಿನ ಆಪರೇಷನ್ ಇಲ್ಲೇ ಮಾಡಿಸಿಕೊಂಡು ಹೋಗಿ ಅಂದೆ. "ಮಳೆಗಾಲ ಕಳೀಲಿ, ಅಣಬೆ ಎಲ್ಲ ಮುಗೀಲಿ" ಅಂದರು. ಅಣ್ಣನಿಗೆ ನಾಳೆ ಫೋನ್ ಮಾಡಬೇಕು, ಅವನ ಮಾತಾದರೂ